ಉಚ್ಚಾರ ಬಾಕಿ

ಹೋದ ಯುಗಾದಿಯ ಮರುದಿನದಿಂದ ಕುಷ್ಟಗಿಯಲ್ಲಿ ಯಾರ ಹೆಸರನ್ನೂ ಯಾರೂ ತಪ್ಪಾಗಿ ಕರೆಯುವಂತಿಲ್ಲ. ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿಗೆ ಸಾರಿ ಹೇಳ್ಯಾರ.

ಇದಕ್ಕೆಂದೇ ಹೆಸರುಚ್ಚಾರ ಶುದ್ಧೀಕರಣ ಕಚೇರಿ ತೆರೆದರು. ಅಲ್ಲಿ ಪ್ರಭುರಾಜ ಎಂಬ ಸಾಹೇಬರು, ಮೇಜಿನ ಮೇಲೆ ಒಂದು ಮಾತಾಡುವ ಡಬ್ಬಿ. ಸಾಹೇಬರು ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಬೇಕು, ಡಬ್ಬಿ ನುಡಿಯಬೇಕು. ನಿಯಮ ಒಂದೇ: "ಡಬ್ಬಿ ನುಡಿದದ್ದು ಶುದ್ಧ. ಊರವರು ನುಡಿಯುವುದು ರೂಢಿಯಿಂದ ಬಂದ ತಪ್ಪು." ಡಬ್ಬಿ ಪರದೇಶದ್ದು ನೋಡ್ರಿ. ಅದಕ್ಕೆ ಇಲ್ಲಿ ಯಾರ ಗುರುತೂ ಇಲ್ಲ, ಹಾಗಾಗಿ ಪಕ್ಷಪಾತ ಮಾಡುವುದಿಲ್ಲ.

ಮೊದಲು ಊರುಗಳ ಸರದಿ. ಗಿಣಿಗೇರಾ ಜಿನಿಜೆರಾ ಆಯಿತು. ಕಂಡಕ್ಟರು "ಜಿನಿಜೆರಾ, ಜಿನಿಜೆರಾ" ಎಂದು ಒದರಿದ. ಗಿಣಿಗೇರಾದ ಫ್ಯಾಕ್ಟರಿಗೆ ಹೋಗುವವರು ತಮ್ಮ ಬಸ್ಸು ಬಂದೀತೆಂದು ಕಾಯುತ್ತ ಅಲ್ಲೇ ನಿಂತರು. ಬಸ್ಸು ಖಾಲಿ ಹೋಯಿತು. ನೂಕುನುಗ್ಗಲು ಪೂರ್ತಿ ನಿಂತಿದೆ ಎಂದು ಸಾಹೇಬರು ವರದಿ ಬರೆದರು.

ನಮ್ಮ ಓಣಿಯ ಮೌಲಾಹುಸೇನ ನಲವತ್ತು ವರ್ಷದಿಂದ ಗುಲಬಹಾರ ಸೋಡಾ ಮಾಡುತ್ತಾನೆ. ಡಬ್ಬಿ ಅದನ್ನು ಗಲ್ಬಾಹರ ಎಂದಿತು.

"ಸಾಹೇಬ್ರ, ಸೋಡಾ ನಂದು. ಹೆಸ್ರು ನಮ್ಮಪ್ಪ ಇಟ್ಟಿದ್ದು."

"ಸೋಡಾ ನಿಮ್ದ ಇರ್ಲಿ. ಹೆಸ್ರು ಕಚೇರಿದು."

"ಹಂಗಾರ ಒಳಗಿನ ಗ್ಯಾಸಾದ್ರೂ ನಂದೇನ್ರಿ?"

"ಅದಕ್ಕ ಬ್ಯಾರೆ ಇಲಾಖೆ ಐತಿ."

ಅಷ್ಟರಲ್ಲಿ ನನ್ನ ಮೊಮ್ಮಗನಿಗೆ ಹೆಣ್ಣು ಕೂಸು ಹುಟ್ಟಿತು. ನನಗೊಬ್ಬಳು ಮಗಳಿದ್ದಳು, ಪಂಪಾವತಿ. ಹದಿನೇಳಕ್ಕೇ ತೀರಿಕೊಂಡಳು. ಅಂಗಳದಲ್ಲಿ ನಿಂತು ಆ ಹೆಸರು ಕೂಗಿ ಮೂವತ್ತು ವರ್ಷವಾಗಿತ್ತು. ಕೂಸಿಗೆ ಅದನ್ನೇ ಇಟ್ಟು, ಕಣ್ಣು ಮುಚ್ಚುವುದರೊಳಗೆ ಬಾಯಿತುಂಬ ಕೂಗಬೇಕೆಂದು ನನ್ನ ಆಸೆ. ಆದರೆ ಕಚೇರಿಯ ಮುದ್ರೆ ಬೀಳುವ ತನಕ ಹೆಸರಿಡುವಂತಿಲ್ಲ. ಲಸಿಕೆಯ ಕಾರ್ಡಿನಲ್ಲಿ ಹೆಸರಿನ ಜಾಗಕ್ಕೆ "ಉಚ್ಚಾರ ಬಾಕಿ" ಎಂದು ಬರೆದರು. "ಉಚ್ಚಾರ ಬಾಕಿ ಅವ್ವ ಯಾರ್ರೀ?" ಎಂದು ನರ್ಸಮ್ಮ ಕೂಗಿದರೆ ಮೊಮ್ಮಗನ ಹೆಂಡತಿ ಏಳುತ್ತಿದ್ದಳು. ಎರಡು ತಿಂಗಳು ಕೂಸು ಆ ಹೆಸರಿಗೇ ನಕ್ಕಿತು.

ಕೊನೆಗೆ ನಮ್ಮ ಸರದಿ ಬಂತು. ಸಾಹೇಬರು ಒತ್ತಿದರು. ಡಬ್ಬಿ "ಪ್ಯಾಂಪವೇಟೀ" ಎಂದಿತು.

"ಯಪ್ಪಾ, ಹಡದಾಕಿ ನಾನು. ಆಕಿ ಹೆಸ್ರು ನಂಗ ಗೊತ್ತಿಲ್ಲೇನು?"

"ಪುರಾವಿ ಏನೈತ್ಯಮ್ಮಾ?"

"ಪಂಪಾವತಿ ಅಂತ ಕರದ್ರ ಆಕಿ 'ಓ' ಅಂತಿದ್ಲು."

"ಆ 'ಓ' ಲಿಖಿತದಾಗ ಐತೇನು?"

ಇರಲಿಲ್ಲ. ತಪ್ಪು ನನ್ನದೇ, ಆಗಲೇ ಬರೆಸಿಕೊಳ್ಳಬೇಕಿತ್ತು.

ತೊಟ್ಟಿಲಿಗೆ ಹಾಕುವ ದಿನ ಸಾಹೇಬರೇ ಡಬ್ಬಿ ಹಿಡಿದು ಬಂದರು. ನಮ್ಮಲ್ಲಿ ಸೋದರತ್ತಿ ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುತ್ತಾಳೆ. ಹೇಳಿದವಳ ಬೆನ್ನಿಗೆ ಹೆಂಗಸರೆಲ್ಲ ಗುದ್ದುತ್ತಾರೆ. ಕೂಸಿನ ಸೋದರತ್ತಿ, ನನ್ನ ಮೊಮ್ಮಗಳು ಶಿವಲೀಲಾ, ತೊಟ್ಟಿಲಿಗೆ ಬಗ್ಗಿದಳು. ಸಾಹೇಬರು ಆಕೆಯನ್ನು ತಡೆದು ಕೂಸಿನ ಕಿವಿಗೆ ಡಬ್ಬಿ ಹಿಡಿದರು. ಡಬ್ಬಿ ಹೇಳಿತು.

"ಹೆಸ್ರು ಹೇಳಿದ್ದು ಡಬ್ಬಿ. ಈಗ ಗುದ್ದು ಯಾರಿಗ್ರಿ?" ಎಂದಳು ಶಿವಲೀಲಾ.

ಸಾಹೇಬರು ನಿಯಮದ ಪುಸ್ತಕ ತಿರುವಿದರು. ಡಬ್ಬಿ ಕಚೇರಿಯ ಆಸ್ತಿ, ಅದಕ್ಕೆ ಹೊಡೆಯುವಂತಿಲ್ಲ. ಗುದ್ದದಿದ್ದರೆ ಕಾರ್ಯ ಅಪೂರ್ಣ. "ಡಬ್ಬಿಯ ಪರವಾಗಿ ಅಧಿಕಾರಿಯು ಗುದ್ದು ಸ್ವೀಕರಿಸತಕ್ಕದ್ದು" ಎಂದು ತಾವೇ ಬರೆದು, ತಾವೇ ಮಂಜೂರು ಮಾಡಿ, ಕನ್ನಡಕ ತೆಗೆದಿಟ್ಟು ಬಗ್ಗಿದರು. ಓಣಿಯ ಹೆಂಗಸರು ಪಾಳಿ ಹಚ್ಚಿದರು. ಪಾಳಿಯಲ್ಲಿ ಮೌಲಾಹುಸೇನನೂ ನಿಂತಿದ್ದ. ಯಾರೂ ತಕರಾರು ತೆಗೆಯಲಿಲ್ಲ. ಮುಗಿದ ಮೇಲೆ ಸಾಹೇಬರು ನೆಟ್ಟಗೆ ನಿಲ್ಲಲಾಗದೆ, ಬಗ್ಗಿಕೊಂಡೇ ರಸೀದಿಗೆ ಸಹಿ ಹಾಕಿದರು: "ಗುದ್ದುಗಳು ಸುಸ್ಥಿತಿಯಲ್ಲಿ ತಲುಪಿವೆ."

ಈಗ ಮನೆಯವರೆಲ್ಲ ಕೂಸಿಗೆ ಪ್ಯಾಂಪವೇಟೀ ಎನ್ನುತ್ತೇವೆ. ನಾನೂ ಅಂಗಳದಲ್ಲಿ ನಿಂತು ಹಾಗೇ ಕೂಗುತ್ತೇನೆ. ಕೂಸು ತಿರುಗಿ ನೋಡುತ್ತದೆ, ಭಾಳ ಶಾಣ್ಯಾ ಐತಿ.

ಮೊನ್ನೆ ಅಮಾವಾಸ್ಯೆಗೆ ಹೊಲದಲ್ಲಿರುವ ಮಗಳ ಸಮಾಧಿಗೆ ಹೋಗಿ ಕಾಯಿ ಒಡೆದೆ. "ತಪ್ಪಾತವ್ವಾ, ನಿನ್ನ ಹದಿನೇಳು ವರ್ಸ ಬ್ಯಾರೆ ಹೆಸ್ರಿಲೆ ಕರದೆ" ಎಂದು ಕೈಮುಗಿದು ಬಂದೆ.