ಚೀಲ ಕಳೆದ ತೂಕ

ತೂಕದ ವಿಷಯದಲ್ಲಿ ನನ್ನಷ್ಟು ಜಂಬದವನು ಶಿಕಾರಿಪುರದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಭತ್ತದ ವ್ಯಾಪಾರ ನಮ್ಮದು. ತುಂಬಿದ ಚೀಲದ ಮೂಲೆ ಹಿಡಿದು ಒಂದಿಷ್ಟು ಎತ್ತಿ ನೋಡಿದರೆ ಸಾಕು, ಇಷ್ಟೇ ಕಿಲೋ ಎಂದು ಹೇಳಿಬಿಡುತ್ತೇನೆ. ಆಮೇಲೆ ಕಾಟಾದ ಮೇಲಿಟ್ಟರೆ ಅರ್ಧ ಕಿಲೋ ಆಚೀಚೆ ಆದರೆ ಹೆಚ್ಚು. ಇಂಥ ನಾನು ಎರಡೂವರೆ ವರ್ಷದ ನನ್ನ ಮಗಳ ತೂಕ ಸರಿಯಾಗಿ ನೋಡಲಾರದೆ ಇಡೀ ಮನೆಯನ್ನು ಎರಡು ತಿಂಗಳು ಗೋಳು ಹೊಯ್ದುಕೊಂಡೆ. ಅವಳು ಓದು ಕಲಿತು ಪ್ರಶ್ನೆ ಕೇಳುವ ಮೊದಲೇ ಇದನ್ನು ಒಪ್ಪಿಕೊಂಡುಬಿಡುವುದು ವಾಸಿ.

ಶುರು ಮಾಡಿದವರು ಸೊರಬದ ನಮ್ಮ ಅತ್ತೆ. ಮೊಮ್ಮಗಳನ್ನು ನೋಡಲು ಬಂದವರು ಚಪ್ಪಲಿ ಬಿಡುವ ಮೊದಲೇ, "ಎಂತದೇ ಇದು, ಮಗು ಹಿಂಗೆ ಸೊರಗಿ ಹೋಗಿದೆ?" ಎಂದು ನನ್ನ ಹೆಂಡತಿ ಸರೋಜಳನ್ನು ಕೇಳಿದರು. ಕೇಳಿದ್ದು ಮಗಳನ್ನು, ಚುಚ್ಚಿದ್ದು ನನ್ನ ಅವ್ವನಿಗೆ. ನಮ್ಮ ಅಕ್ಷತಾ ಬೆಳೆಯುತ್ತಿರುವುದು ಅವ್ವನ ಅಡುಗೆಯ ಮೇಲೆ. ಹಾಗೆಂದು ಅವ್ವ, "ಇಲ್ಲ, ದುಂಡಗದಾಳ" ಎಂದು ವಾದಿಸುವಂತೆಯೂ ಇರಲಿಲ್ಲ, ದೃಷ್ಟಿಯಾಗುತ್ತದೆ. ಬೀದಿಯಲ್ಲಿ ಯಾರಾದರೂ ಮಗುವಿನ ಕೆನ್ನೆ ಹಿಂಡಿದರೆ, "ಏನ್ ಕೆನ್ನಿ ಬಿಡ್ರೀ, ಕೂಸು ಕಡ್ಡಿ ಆಗೈತಿ" ಎಂದು ಹೇಳಿ ಹೇಳಿ ಅವಳಿಗೆ ಅಭ್ಯಾಸವಾಗಿತ್ತು. ಅತ್ತೆಯ ಮುಂದೆಯೂ ಬಾಯಿಗೆ ಬಂದದ್ದು ಅದೇ ಮಾತು. ಹೀಗೆ ಒಬ್ಬ ಅಜ್ಜಿ ಸಂಕಟದಿಂದ ಸೊರಗಿದೆ ಎಂದರು, ಇನ್ನೊಬ್ಬ ಅಜ್ಜಿ ದೃಷ್ಟಿಗೆ ಹೆದರಿ ಸೊರಗಿದೆ ಎಂದಳು. ನಡುವೆ ಕೂತಿದ್ದ ನಾನು ಇಬ್ಬರನ್ನೂ ನಂಬಿದೆ.

ಹಿಂದಿನ ತಿಂಗಳು ಅಂಗನವಾಡಿಯಲ್ಲಿ ತೂಗಿದಾಗ ಹನ್ನೆರಡು ಕಿಲೋ ಇದ್ದಳು. ಬಾಯಿಮಾತು ಯಾಕೆ, ಕಾಟಾ ಹೇಳಲಿ ಎಂದು ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ಹೊರಟೆ. "ಕೂಸನ್ನ ಭತ್ತದಂಗ ತೂಗ್ತಾರೇನೋ?" ಎಂದು ಅವ್ವ ಬಾಗಿಲಲ್ಲಿ ನಿಂತು ಕೂಗಿದಳು. ಅಂಗಡಿಯಲ್ಲಿ ಸಿದ್ದಪ್ಪ ಇದ್ದ. ನಮ್ಮ ಅಪ್ಪನ ಕಾಲದಿಂದ ನಮ್ಮಲ್ಲಿ ಚೀಲ ಎತ್ತಿ ತೂಗುತ್ತಿರುವ ಹಮಾಲ. ಅವನು ಕಾಟಾದ ಹಲಗೆಯನ್ನು ತನ್ನ ಟವೆಲಿನಿಂದ ಒರೆಸಿ, ಮಗುವನ್ನು ಕೂರಿಸಿ, ಅಲುಗಾಡದಿರಲಿ ಎಂದು ಕೈಗೆ ಒಂದು ಹಿಡಿ ಮಂಡಕ್ಕಿ ಕೊಟ್ಟ. ಕಲ್ಲು ಸರಿಮಾಡಿ ಎಂದಿನ ರಾಗದಲ್ಲಿ ಕೂಗಿದ, ನಾನು ಎಂದಿನಂತೆ ಕ್ಯಾಲೆಂಡರಿನ ಮೇಲೆ ಬರೆದೆ. ಹನ್ನೊಂದೂವರೆ! ಒಂದು ತಿಂಗಳಲ್ಲಿ ಅರ್ಧ ಕಿಲೋ ಇಳಿದಿದ್ದಳು.

ಅಲ್ಲಿಂದ ನಮ್ಮ ಮನೆಯಲ್ಲಿ ತಿನ್ನಿಸುವ ಕೆಲಸವೊಂದೇ ಉಳಿಯಿತು. ಬೆಳಿಗ್ಗೆ ರಾಗಿ ಸರಿ, ಹತ್ತಕ್ಕೆ ಬಾಳೆಹಣ್ಣು, ಮಧ್ಯಾಹ್ನ ತುಪ್ಪದಲ್ಲಿ ಅನ್ನ ತೇಲುತ್ತಿತ್ತು. ಅತ್ತೆ ಸೊರಬದಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಡಬ್ಬಿಗಟ್ಟಲೆ ಬೆಣ್ಣೆ ಕಳಿಸಿದರು. ನಾನು ಬಟ್ಟಲು ಹಿಡಿದು ಮಗುವಿನ ಹಿಂದೆ ಅಂಗಳವೆಲ್ಲ ಓಡುತ್ತಿದ್ದೆ. ಅವಳು ನಾಲ್ಕು ತುತ್ತು ತಿಂದು ಬಾಯಿ ಮುಚ್ಚಿದರೆ, ಚೆಲ್ಲಬಾರದೆಂದು ಉಳಿದದ್ದನ್ನು ನಾನೇ ಮುಗಿಸುತ್ತಿದ್ದೆ. ಅಕ್ಷತಾಳಿಗಂತೂ ಇದೆಲ್ಲ ಆಟ. ಗೊಂಬೆಯನ್ನು ಮಣೆಯ ಮೇಲೆ ಕೂರಿಸಿ, ಸಿದ್ದಪ್ಪನ ರಾಗದಲ್ಲೇ "ಚೀಲ ಕಳೀರೀ" ಎಂದು ಕೂಗುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಮುಂದಿನ ತಿಂಗಳ ತೂಕ ಹನ್ನೆರಡು. ಅಷ್ಟು ತುಪ್ಪ ಸುರಿದರೂ ಮೊದಲಿದ್ದಲ್ಲಿಗೆ ಬಂದು ನಿಂತಿದ್ದಳು!

ನಗು ನಿಂತದ್ದು ಒಂದು ಸಂಜೆ. ಆನವಟ್ಟಿ ಕಡೆಯ ರೈತರೊಬ್ಬರು ಮನೆಗೆ ಬಂದಿದ್ದರು. ಅಕ್ಷತಾ ಅವರೆದುರು ನಿಂತು, ಫ್ರಾಕು ಮೇಲೆತ್ತಿ, ಹೊಟ್ಟೆ ಒಳಗೆಳೆದುಕೊಂಡು, "ನಾ ಕಡ್ಡಿ" ಎಂದಳು. ಅವರು ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ನೋಡಿದರೆ ಬೀರುವಿನ ಕನ್ನಡಿಯ ಮುಂದೆ ನಿಂತು ಎರಡೂ ಕೆನ್ನೆ ಹಿಡಿದು ಎಳೆಯುತ್ತಿದ್ದಳು. "ಅಪ್ಪಾಜಿ, ನಾ ಚಂದ ಇಲ್ಲ?" ಎಂದಳು. ಇಷ್ಟು ದಿನ ಅವಳ ಎದುರಿಗೇ ಮಾತಾಡಿದ್ದೆವಲ್ಲ, ಅದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಎತ್ತಿಕೊಂಡು, "ನಿನ್ನಷ್ಟು ಚಂದ ಯಾರೂ ಇಲ್ಲ ಕಣವ್ವ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಅದನ್ನು ಕೇಳಿದ ಸರೋಜ, ಮೂರನೆಯ ಸಲ ಮಗುವನ್ನು ತೂಗುವಾಗ ತಾನೂ ಅಂಗಡಿಗೆ ಬಂದಳು. ಮಗು ಕಾಟಾದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು. ಸಿದ್ದಪ್ಪ, "ಹದಿಮೂರೂವರೀ... ಚೀಲ ಕಳೀರೀ!" ಎಂದು ಕೂಗಿದ. ನಾನು ಹನ್ನೆರಡೂವರೆ ಎಂದು ಬರೆದೆ.

"ಹದಿಮೂರೂವರೆ ಅಂದ್ರಲ್ಲ?" ಎಂದಳು ಸರೋಜ.

"ಚೀಲದ್ದು ಒಂದು ಕಿಲೋ ಕಳೀಬೇಕಲ್ಲ" ಎಂದೆ.

"ಎಂತ ಚೀಲರೀ?"

ನಾನು ಕಾಟಾ ನೋಡಿದೆ. ಹಲಗೆಯ ಮೇಲೆ ಒಂದು ಹೂವಿನ ಫ್ರಾಕು, ಅದರೊಳಗೆ ನನ್ನ ಮಗಳು. ಸಿದ್ದಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಬಾಯಿಗೆ ರೂಢಿ ಆಗೈತ್ರೀ ಸಾವ್ಕಾರ್ರ" ಎಂದ. ನನ್ನ ಕೈಗೂ ರೂಢಿಯಾಗಿತ್ತು. ಪ್ರತಿ ಸಲವೂ ಇಲ್ಲದ ಗೋಣಿಚೀಲದ ತೂಕವನ್ನು ಮಗಳ ಮೈಯಿಂದ ಕಳೆದುಬಿಟ್ಟಿದ್ದೆ. ಸರೋಜ ನಗುವುದೋ ಅಳುವುದೋ ತಿಳಿಯದೆ ಮಗುವನ್ನು ಅಪ್ಪಿಕೊಂಡಳು. ನನಗೆ ಎಷ್ಟು ಖುಷಿಯಾಯಿತೆಂದರೆ ಬೈಸಿಕೊಂಡದ್ದೂ ಗೊತ್ತಾಗಲಿಲ್ಲ. ಮನೆಯಲ್ಲಿ ಅವ್ವ ಸುದ್ದಿ ಕೇಳಿ, "ನನಗ ಮೊದ್ಲ ಗೊತ್ತಿತ್ತು" ಎಂದವಳೇ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಇನ್ನು ಮಗುವಿನ ಮುಂದೆ ಸಣ್ಣ ದಪ್ಪದ ಮಾತು ಯಾರೂ ಎತ್ತಬಾರದು ಎಂದು ಸರೋಜ ಕಟ್ಟಪ್ಪಣೆ ಮಾಡಿದಳು.

ಅತ್ತೆಗೆ ಖುದ್ದಾಗಿ ಹೇಳೋಣವೆಂದು ಭಾನುವಾರ ಮೂವರೂ ಸೊರಬಕ್ಕೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ಬಲ್ಬಿನ ತೂಕದ ಮೆಷಿನ್ ಕಂಡಿತು. ಸರೋಜ ಹಣ್ಣು ಕೊಳ್ಳಲು ಹೋಗಿದ್ದಳು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ, ನಾನು ಹತ್ತಿ ನಾಣ್ಯ ಹಾಕಿದೆ. ಟಿಕೆಟ್ಟಿನ ಹಿಂದೆ, ಶೀಘ್ರದಲ್ಲೇ ನಿಮ್ಮ ಗೌರವ ಹೆಚ್ಚಲಿದೆ ಎಂದಿತ್ತು. ಮುಂದೆ ಎಂಬತ್ತೊಂದು ಕಿಲೋ ಎಂದಿತ್ತು. ಎರಡು ತಿಂಗಳ ಬಟ್ಟಲುಗಳೆಲ್ಲ ಕಣ್ಣ ಮುಂದೆ ಬಂದವು. ಮೆಷಿನ್ನಿನ ಕನ್ನಡಿಯಲ್ಲಿ ನೋಡಿಕೊಂಡು, ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡೆ.

ಅಕ್ಷತಾ ನನ್ನ ಪ್ಯಾಂಟು ಜಗ್ಗಿದಳು. ಬಗ್ಗಿದೆ. ನನ್ನ ಜೋಲುಮುಖ ನೋಡಿ ಕೆನ್ನೆ ಸವರಿ, ಸಮಾಧಾನ ಹೇಳುವ ದನಿಯಲ್ಲಿ, "ಅಪ್ಪಾಜಿ, ಚೀಲ ಕಳಿ" ಎಂದಳು.

ಅಷ್ಟರಲ್ಲಿ ಸರೋಜ ಹಣ್ಣು ಹಿಡಿದು ಬಂದು, "ಎಷ್ಟು ಬಂತು?" ಎಂದು ಕೇಳಿದಳು. ಟಿಕೆಟ್ಟನ್ನು ಜೇಬಿಗೆ ಸೇರಿಸುತ್ತ, "ಎಂಬತ್ತು" ಎಂದೆ.