ತುತ್ತೂರಿಗೆ ಲೈಸೆನ್ಸು

ಸ್ವಂತ ಮನೆಯಲ್ಲಿ, ಸ್ವಂತ ತುಟಿಯಿಂದ, ಸ್ವಂತ ಟ್ರಂಪೆಟ್ ಊದಲು ಸರ್ಕಾರದ ಅಪ್ಪಣೆ ಬೇಕಂತೆ! ನೀವೇ ಹೇಳಿ, ಇದು ನ್ಯಾಯವೇ?

ಪಾರ್ಕಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿಯೇ ತಲೆ ನರೆಸಿಕೊಂಡವನು ನಾನು. ಭಾನುವಾರ ಸಂಜೆ ನಾವು ಶುರುಮಾಡಿದರೆ ಮಕ್ಕಳು ಜಾರುಬಂಡೆ ಬಿಟ್ಟು ಓಡಿಬರುತ್ತಿದ್ದವು. (ತನ್ನ ತುತ್ತೂರಿ ತಾನೇ ಊದಿಕೊಳ್ಳುತ್ತಾನೆ ಎನ್ನಬೇಡಿ, ಅದೇ ನನ್ನ ವೃತ್ತಿ.) ಉಳಿದ ದಿನ ತಾರಸಿಯ ಮೇಲೆ ಅಭ್ಯಾಸ. ಆಗ ಸರ್ಕಾರವೆಂದರೆ ನಮ್ಮ ಬೀದಿಗೆ ಒಬ್ಬನೇ ಒಬ್ಬ ಮೀಸೆಯ ಪೊಲೀಸು. ಸೈಕಲ್ಲನ್ನು ಗೇಟಿಗೆ ಒರಗಿಸಿ, ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂರುತ್ತಿದ್ದ. "ಯಜಮಾನ್ರೇ, ಏನಾದ್ರೂ ಒಂದು ಊದಿಬಿಡಿ, ಕಾಲುನೋವು ಮರೆತುಹೋಗ್ಲಿ" ಅನ್ನುತ್ತಿದ್ದ. ಊದುತ್ತಿದ್ದೆ. ಹೊಸ ಹೆಂಡತಿ ಟೀ ತರುತ್ತಿದ್ದಳು. (ಹೊಸ ಹೆಂಡತಿ ಎಂದರೆ ಈಗಿನವಳೇ, ಆಗ ಹೊಸದಾಗಿದ್ದಳು.) ಆ ಸರ್ಕಾರ ಟೀ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿತ್ತು. ಎಂಥಾ ಕಾಲ!

ಈಗಿನ ಸರ್ಕಾರಕ್ಕೆ ಮೀಸೆಯೂ ಇಲ್ಲ, ಕಾಲುನೋವೂ ಇಲ್ಲ. ದೀಪದ ಕಂಬದ ಮೇಲೆ ಕ್ಯಾಮೆರಾ, ಅದರ ಕೆಳಗೆ ಸದ್ದು ಅಳೆಯುವ ಡಬ್ಬಿ. ನಾಯಿಗೆ ನೋಂದಣಿ, ಗೋಡೆಯ ಬಣ್ಣಕ್ಕೆ ಒಪ್ಪಿಗೆ. ಈಗ, ಮನೆಯಾಚೆ ಕೇಳಿಸುವ ವಾದ್ಯಕ್ಕೆ ಲೈಸೆನ್ಸು.

"ಸ್ವಾತಂತ್ರ್ಯಹರಣ!" ಎಂದು ಅಡುಗೆಮನೆಯಲ್ಲಿ ಘರ್ಜಿಸಿದೆ.

"ಹಾಲು ಉಕ್ಕತ್ತೆ, ಪಕ್ಕಕ್ಕೆ ಬನ್ನಿ," ಎಂದಳು ಹೆಂಡತಿ.

"ಇವತ್ತು ಟ್ರಂಪೆಟ್ಟು, ನಾಳೆ ಸೀನೋದಕ್ಕೂ ಅರ್ಜಿ ಹಾಕು ಅಂತಾರೆ!"

"ನಿಮ್ಮ ಸೀನಿಗೆ ಹಾಕಲೇಬೇಕು. ಕಿಟಕಿ ಗಾಜು ಅದುರತ್ತೆ."

ಅಂದೇ ಧರ್ಮಯುದ್ಧ ಸಾರಿದೆ. ಮಂಡಿ ಹಿಡಿದುಕೊಂಡ ಮೇಲೆ ತಾರಸಿ ಹತ್ತುವುದನ್ನು ಬಿಟ್ಟಿದ್ದರಿಂದ ಮುಂದಿನ ಕೋಣೆಯೇ ರಣರಂಗ. ಬೆಳಗ್ಗೆ, ಸಂಜೆ ಕಿಟಕಿ ತೆರೆದು, ಆ ಡಬ್ಬಿಗೇ ಗುರಿಯಿಟ್ಟು, ಕವಾಯತಿನ ರಾಗವನ್ನು ಕೆನ್ನೆ ಬಿರಿಯುವಂತೆ ಊದಿದೆ.

ಕೆಲವೇ ವಾರಗಳಲ್ಲಿ ಲೈಸೆನ್ಸಿನ ಕಚೇರಿಯಿಂದ ಫೋನು: ನನ್ನ ಮೇಲೆ ದೂರು ಬಂದಿದೆ, ವಿಚಾರಣೆಗೆ ಬರಬೇಕು.

ಯಾರ ಕೆಲಸವೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ನಮ್ಮ ಮನೆಯ ಮಹಡಿಯ ಮೇಲೆ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು! ಇಡೀ ದಿನ ಕಂಡಕಂಡವರ ಬಾಯಲ್ಲಿ ಯಂತ್ರ ಗಿರಗುಟ್ಟಿಸುವವರಿಗೆ ನನ್ನ ಸಂಗೀತ ಗಲಾಟೆಯಂತೆ! ಮೆಟ್ಟಿಲಲ್ಲಿ ಎದುರಾಗಿ ನಕ್ಕರು, ಮುಖ ತಿರುಗಿಸಿದೆ.

"ಪಾಪ, ಡಾಕ್ಟರು ಅಂಥವರಲ್ಲ ಕಣ್ರೀ," ಎಂದಳು ಹೆಂಡತಿ.

"ನಿನಗೆ ಲೋಕ ಗೊತ್ತಿಲ್ಲ, ಸುಮ್ನಿರು."

ವಿಚಾರಣೆಯ ದಿನ ತಾನೂ ಬರುತ್ತೇನೆಂದು ಹೊರಟಳು. ನನ್ನ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಅವಳನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಅಧಿಕಾರಿ ನಮ್ಮ ಮಗಳ ವಯಸ್ಸಿನವರು. ಟ್ರಂಪೆಟ್ಟನ್ನು ಮೇಜಿನ ಮೇಲಿಟ್ಟು, ಪ್ರಜೆಯ ಹಕ್ಕಿನ ಬಗ್ಗೆ ಭಾಷಣ ಬಿಗಿದೆ. ಅವರು ತಾಳ್ಮೆಯಿಂದ ಕೇಳಿ, "ದೂರು ಕೊಟ್ಟವರು ಬಂದಿದ್ದಾರಾ?" ಎಂದರು.

ನಾನು ಬಾಗಿಲ ಕಡೆ ಕೆಂಗಣ್ಣು ಬಿಟ್ಟೆ. ಡಾಕ್ಟರು ಬರಲಿಲ್ಲ. ಪಕ್ಕದ ಕುರ್ಚಿ ಕಿರ್ರೆಂದಿತು. ಬಾಟಲಿಯನ್ನು ನನ್ನ ಕೈಗಿಟ್ಟು ಹೆಂಡತಿ ಎದ್ದು ನಿಂತಳು.

"ನಾನೇ, ಮೇಡಂ."

"ನೀನಾ!" ನನ್ನ ಗಂಟಲಿನಿಂದ ಬಂದ ಸ್ವರ ಯಾವ ವಾದ್ಯದಲ್ಲೂ ಇಲ್ಲ. "ಮನೇಲೇ ಹೇಳಬಹುದಿತ್ತಲ್ಲೇ!"

"ಹೇಳಿದೆ. ಹೇಳಿದಾಗಲೆಲ್ಲ ‘ನೀನೂ ಸರ್ಕಾರದ ಕಡೆ’ ಅಂತ ಇನ್ನೂ ಜೋರಾಗಿ ಊದಿದ್ರಿ." ಅಧಿಕಾರಿಯ ಕಡೆ ತಿರುಗಿದಳು. "ಸರ್ಕಾರಕ್ಕೆ ಕೇಳಿಸಲಿ ಅಂತ ಊದ್ತಾರೆ ಮೇಡಂ. ಸರ್ಕಾರ ಇರೋದು ಊರ ಆ ತುದೀಲಿ. ನಾನಿರೋದು ಪಕ್ಕದ ಕೋಣೇಲಿ. ಊದೋ ಸ್ವಾತಂತ್ರ್ಯ ಇವರಿಗಿದ್ರೆ, ಕೇಳದೆ ಇರೋ ಸ್ವಾತಂತ್ರ್ಯ ನನಗೆ ಬೇಡ್ವಾ?"

ನಾನು ನೀರು ಕುಡಿದೆ.

"ಟ್ರಂಪೆಟ್ಟೇ ಬೇಡ ಅಂತಲ್ಲ," ಎಂದಳು ಮೆಲ್ಲಗೆ. "ಮದುವೆ ಆದ ಹೊಸದರಲ್ಲಿ ನಿಧಾನದ್ದೊಂದು ಊದ್ತಿದ್ರು. ನಾನು ಬಟ್ಟೆ ಮಡಿಸೋದು ಬಿಟ್ಟು ಕೂತ್ಬಿಡ್ತಿದ್ದೆ. ಅದನ್ನ ಊದಿ ಎಷ್ಟು ವರ್ಷ ಆಯ್ತು, ಕೇಳಿ ಇವರನ್ನ."

ಅಧಿಕಾರಿ ಕೇಳಲಿಲ್ಲ. "ಸದ್ದು ಅಳೀಬೇಕು ಸರ್. ಅದನ್ನೇ ಊದಿ," ಎಂದರು.

ಊದಿದೆ. ನಡುವೆ ಒಂದು ಸ್ವರ ಜಾರಿತು, ಉಸಿರು ಮೊದಲಿನಂತಿಲ್ಲ. ಆದರೂ ಕಚೇರಿಯ ಕೀಲಿಮಣೆಗಳ ಟಕಟಕ ನಿಂತಿತು. ಜವಾನ ಕಡತ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ಆ ಕ್ಷಣಕ್ಕೆ ನಮ್ಮಿಬ್ಬರಿಗೂ ತಲೆ ಪೂರ್ತಿ ಕಪ್ಪಗಿತ್ತು.

"ಮಿತಿಯೊಳಗಿದೆ," ಎಂದರು ಅಧಿಕಾರಿ. "ಲೈಸೆನ್ಸ್ ಕೊಡ್ತೀವಿ. ಆದ್ರೆ ದೂರಿರೋದರಿಂದ ಮೇಲ್ವಿಚಾರಣೆ ಬೇಕು. ನಮ್ಮಲ್ಲಿ ಸಿಬ್ಬಂದಿ ಇಲ್ಲ. ಅಮ್ಮಾ, ನೀವೇ ನೋಡಿಕೊಳ್ತೀರಾ?"

"ಅದಕ್ಕೇನಂತೆ!" ಎಂದಳು. ಮದುವೆಗೂ ಇಷ್ಟು ಬೇಗ ಒಪ್ಪಿರಲಿಲ್ಲ.

ಡಾಕ್ಟರ ಹತ್ತಿರ ಕ್ಷಮೆ ಕೇಳಲು ಹೋದೆ. ಅವರು ನನ್ನ ಕೈಹಿಡಿದು, "ಅಯ್ಯೋ, ಯಾಕೆ ಸಾರ್ ಕಡಿಮೆ ಮಾಡಿದ್ರಿ? ನೀವು ಊದ್ತಿದ್ರೆ ರೋಗಿಗಳಿಗೆ ನನ್ನ ಯಂತ್ರದ ಸದ್ದೇ ಕೇಳ್ತಿರಲಿಲ್ಲ!" ಎಂದು ಹಲುಬಿದರು. ಜಗತ್ತಿನಲ್ಲಿ ನನಗಿದ್ದ ಏಕೈಕ ಅಭಿಮಾನಿಗೇ ಮುಖ ತಿರುಗಿಸಿದ್ದೆ.

ಹೀಗೆ ಸರ್ಕಾರ ತನ್ನ ಸಮಸ್ತ ಅಧಿಕಾರವನ್ನೂ ನನ್ನ ಅಡುಗೆಮನೆಗೆ ವರ್ಗಾಯಿಸಿ ಕೈತೊಳೆದುಕೊಂಡಿತು. ಕಚೇರಿಯ ಲೈಸೆನ್ಸಿಗೆ ವರ್ಷಕ್ಕೊಮ್ಮೆ ನವೀಕರಣ. ಇವಳದು ದಿನಾ ಸಂಜೆ. ಮೊನ್ನೆ ಆಸೆ ತಡೆಯಲಾರದೆ ಕಿಟಕಿ ತೆರೆದು, ಕವಾಯತಿನದನ್ನು ಒಂದೇ ಒಂದು ಉಸಿರು ಊದಿದೆ. ಒಳಗಿನಿಂದ ಕೆಮ್ಮು ಕೇಳಿಸಿತು. ಮಾತಿಲ್ಲ, ನೋಟೀಸಿಲ್ಲ, ಬರೀ ಕೆಮ್ಮು.

ಟ್ರಂಪೆಟ್ಟನ್ನು ಕೆಳಗಿಟ್ಟು, ನಾನೇ ಎದ್ದು ಹೋಗಿ ಕಿಟಕಿ ಮುಚ್ಚಿದೆ.