ಪಕ್ಕಕ್ಕೆ ಹೊಗೆ ಬಿಡುವ ರಿವಾಲ್ವರ್

ಶಾಲೆಯ ಆಫೀಸಿನಲ್ಲಿ ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು, ಅದೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ಒಮಾನಿನಲ್ಲಿ, ನಿಜ್ವಾದಿಂದ ಇನ್ನೂ ಆಚೆಗಿನ ಒಂದು ಸಣ್ಣ ಊರಿನ ಇಂಡಿಯನ್ ಶಾಲೆಯಲ್ಲಿ ನಾನು ಆಫೀಸು ನೋಡಿಕೊಳ್ಳುತ್ತಿದ್ದೆ. ಚಾಕ್‌ಪೀಸಿನಿಂದ ಹಿಡಿದು ಸೀಲಿಂಗ್ ಫ್ಯಾನಿನವರೆಗೆ ಏನು ತರಬೇಕಾದರೂ ನಾನೇ. ಎಂಬತ್ತರ ದಶಕದಲ್ಲಿ ಎಣ್ಣೆಯ ಬೆಲೆ ಬಿದ್ದು, ಕಂಪನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದ ಕಾಲ. ಅಪ್ಪ ಹೋದರೆ ಹಿಂದೆಯೇ ಮಕ್ಕಳೂ ಹೋಗುತ್ತಿದ್ದರು. ಮಕ್ಕಳು ಹೋದ ಮೇಲೆ ಸರದಿ ನಮ್ಮದು.

ನಮ್ಮ ಕಮಿಟಿಯ ಚೇರ್ಮನ್ ಬೆಂಗಳೂರಿನ ಎಂಜಿನಿಯರು. "ಪಾಠ ಬಿಟ್ಟು ಉಳಿದದ್ದೆಲ್ಲ ಲಕ್ಷುರಿ ಕಣ್ರೀ" ಎಂದು ಮೀಟಿಂಗಿನಲ್ಲೇ ಹೇಳಿಬಿಟ್ಟಿದ್ದರು. ಅವರ ಕಣ್ಣು ಮೊದಲು ಬಿದ್ದದ್ದು ನಮ್ಮ ಪಿ.ಟಿ. ಮಾಸ್ಟ್ರ ಮೇಲೆ. ಮಾಸ್ಟ್ರು ಮೈಸೂರಿನವರು, ಇರುವೆಗೂ ದಾರಿ ಬಿಟ್ಟು ನಡೆಯುವಷ್ಟು ಸಾಧು. ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಕೆಲಸ ಹೋದರೆ ವೀಸಾ ಹೋಗುತ್ತದೆ, ಮಗಳು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಆ ವರ್ಷದ ಸ್ಪೋರ್ಟ್ಸ್ ಡೇ ಚೆನ್ನಾಗಿ ಆದರೆ ಚೇರ್ಮನ್ನರ ಮನಸ್ಸು ಕರಗಬಹುದು ಎಂಬುದೊಂದೇ ಅವರ ಆಸೆಯಾಗಿತ್ತು.

ಎರಡು ಸೀಟಿ

ಅದರ ಹಿಂದಿನ ವರ್ಷದ ಸ್ಪೋರ್ಟ್ಸ್ ಡೇ ಚೆನ್ನಾಗಿ ಆಗಿರಲಿಲ್ಲ. ಆಗ ಓಟ ಶುರುವಾಗುತ್ತಿದ್ದದ್ದು ಸೀಟಿಯಿಂದ. ಮೈದಾನದ ಬೇಲಿಯಾಚೆ ರೌಂಡಬೌಟ್, ಅಲ್ಲೊಬ್ಬ ಟ್ರಾಫಿಕ್ ಪೊಲೀಸ್ ನಿಂತಿದ್ದ. ಇಲ್ಲಿ ಮಾಸ್ಟ್ರು "ರೆಡಿ" ಎಂದದ್ದೇ ತಡ, ಅಲ್ಲಿ ಅವನು ಸೀಟಿ ಊದಿದ. ಮಕ್ಕಳು ಓಡಿದರು. ಅವರನ್ನು ನಿಲ್ಲಿಸಲು ಮಾಸ್ಟ್ರು ಇನ್ನೂ ಜೋರಾಗಿ ಊದಿದರು. ಮಕ್ಕಳು ನಿಲ್ಲಲಿಲ್ಲ, ರಸ್ತೆಯಲ್ಲಿ ಬರುತ್ತಿದ್ದ ಪಿಕಪ್ ನಿಂತಿತು. ಅದರ ಹಿಂದೆ ನೀರಿನ ಟ್ಯಾಂಕರ್ ನಿಂತಿತು. ಅವುಗಳನ್ನು ಹೊರಡಿಸಲು ಪೊಲೀಸ್ ಮತ್ತೆ ಊದಿದಾಗ, ಸಾಲಿನಲ್ಲಿ ಕಾಯುತ್ತಿದ್ದ ಎರಡನೇ ಬ್ಯಾಚಿನ ಮಕ್ಕಳೂ ಓಡಿದರು.

ಮಾಸ್ಟ್ರು ಒಬ್ಬ ಹುಡುಗನನ್ನು ಹಿಡಿದು, "ಯಾಕೋ ಓಡ್ದೆ? ಊದಿದ್ದು ನಾನಾ?" ಎಂದು ಕೇಳಿದರು.

ಅವನು ಮೂಗು ಒರೆಸಿಕೊಂಡು ಹೇಳಿದ: "ಸರ್, ಪೊಲೀಸ್ ಈಸ್ ಬಿಗ್ಗರ್ ದ್ಯಾನ್ ಯೂ."

ಡಿಫೆಕ್ಟ್ ಅಲ್ಲ, ಸ್ಪೆಷಲ್

ಹಾಗಾಗಿ ಈ ಸಲ ಮಾಸ್ಟ್ರು ಓಟ ಶುರುಮಾಡುವ ರಿವಾಲ್ವರ್ ಬೇಕೆಂದು ಹಟ ಹಿಡಿದರು. ಗುಂಡು ಹಾರುವುದಿಲ್ಲ, ಸದ್ದು ಮತ್ತು ಹೊಗೆ ಮಾತ್ರ. ಮಸ್ಕತ್ತಿನ ದೊಡ್ಡ ಶಾಲೆಗಳಲ್ಲಿ ಇದೆಯಂತೆ. "ಕಮ್ಮಿಗೆ ಸಿಕ್ಕಿದರೆ ತನ್ನಿ" ಎಂದರು ಪ್ರಿನ್ಸಿಪಾಲ್ ಮೇಡಂ. ಮಾಸ್ಟ್ರ ಹಳೇ ಕಾರಿನಲ್ಲಿ ನಾವಿಬ್ಬರೂ ಮಸ್ಕತ್ತಿನ ಅಂಗಡಿಬೀದಿ ರೂವಿಗೆ ಹೋದೆವು.

ಆಟದ ಸಾಮಾನಿನ ಅಂಗಡಿಯವರು ಉಪ್ಪಿನಂಗಡಿಯ ಬ್ಯಾರಿಗಳು, ನಾನು ಪುತ್ತೂರಿನವಳೆಂದು ಗೊತ್ತಾದ ಮೇಲೆ ಮೊದಲು ಚಹಾ ಬಂತು, ಆಮೇಲೆ ರಿವಾಲ್ವರ್ ಬಂತು. ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಮಾಸ್ಟ್ರು ಅದರ ಬಾಯಿಗೆ ಕಣ್ಣಿಟ್ಟು ನೋಡಿದರು. ಬಾಯಿ ಮುಚ್ಚಿತ್ತು.

"ಇವೆಲ್ಲ ಹಾಗೇ. ಆದರೆ ಮಾಮೂಲಿಯದ್ದರಲ್ಲಿ ಹೊಗೆ ಮೇಲಿನಿಂದ ಹೋಗುದು" ಎಂದರು ಅಂಗಡಿಯವರು. "ಇದರಲ್ಲಿ ಬಲಬದಿಯಲ್ಲಿ ತೂತು ಉಂಟು, ಪಕ್ಕಕ್ಕೆ ಹೋಗ್ತದೆ. ಫ್ಯಾಕ್ಟರಿಯಿಂದಲೇ ಹೀಗೆ ಬಂದದ್ದು."

"ಡಿಫೆಕ್ಟ್ ಪೀಸಾ?"

"ಡಿಫೆಕ್ಟ್ ಅಲ್ಲ ಮಾಸ್ಟ್ರೇ, ಸ್ಪೆಷಲ್."

"ಸ್ಪೆಷಲ್ ಅಂದ್ರೆ ರೇಟು ಜಾಸ್ತಿನಾ?"

"ಸ್ಪೆಷಲ್ ಅಂತ ಹೇಳಿ ಹೇಳಿಯೇ ಇದು ನಾಲ್ಕು ವರ್ಷದಿಂದ ಇಲ್ಲಿಯೇ ಉಂಟು. ಕಮ್ಮಿಗೆ ಕೊಡುವ, ತಕೊಂಡು ಹೋಗಿ."

ಪರೀಕ್ಷೆ ಮಾಡದೆ ಮಾಸ್ಟ್ರು ಟೊಮೆಟೊ ಕೂಡ ಕೊಳ್ಳುವವರಲ್ಲ. ಅಂಗಡಿಯ ಹಿಂದಿನ ಅಂಗಳಕ್ಕೆ ಹೋಗಿ, ಕಣ್ಣು ಮುಚ್ಚಿ ಒಂದು ಹೊಡೆದರು. ಆ ಸದ್ದಿಗೆ ಮೇಲಿನ ಮಹಡಿಯಲ್ಲಿ ಯಾರದೋ ಪಾತ್ರೆ ಬಿತ್ತು. ಓಣಿಯ ದರ್ಜಿ, ಗಡಿಯಾರ ರಿಪೇರಿಯವನು, ಹೋಟೆಲಿನಲ್ಲಿ ಪರೋಟ ತಿನ್ನುತ್ತಿದ್ದವರು ಎಲ್ಲರೂ ಏನಾಯಿತೆಂದು ಅಂಗಡಿಗೆ ನುಗ್ಗಿದರು. ಏನೂ ಆಗಿಲ್ಲವೆಂದು ತಿಳಿದ ಮೇಲೆ, ಬಂದವರು ಬಂದೆವಲ್ಲ ಎಂದು ಅದೂ ಇದೂ ಮುಟ್ಟಿ ನೋಡಿದರು. ಒಬ್ಬ ಬ್ಯಾಡ್ಮಿಂಟನ್ ರ್‍ಯಾಕೆಟ್ ಕೊಂಡ, ಇನ್ನೊಬ್ಬ ಮಗನಿಗೆಂದು ಫುಟ್ಬಾಲ್ ಕೊಂಡ.

ನಾವು ಹೊರಟಾಗ ಅಂಗಡಿಯವರು ಮೆಟ್ಟಿಲವರೆಗೆ ಬಂದು, ಮೆಲ್ಲನೆ ಮಾಸ್ಟ್ರ ತೋಳು ಹಿಡಿದರು. "ಈ ಎಣ್ಣೆ ಬಿದ್ದ ಮೇಲೆ ಇಷ್ಟು ಗಿರಾಕಿ ನಾನು ನೋಡಿದ್ದೇ ಇಲ್ಲ. ಹೋಗುವ ಮೊದಲು ಇನ್ನೊಂದು ಹೊಡೀರಿ ಮಾಸ್ಟ್ರೇ."

ಅಜ್ಜನ ಮಾಡೆಲ್

ಊರಿನ ಠಾಣೆಯಲ್ಲಿ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಅಧಿಕಾರಿ ಬಲೂಚಿ ಮನೆತನದವರು, ನಮಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಶಾಲೆಗೆ ರಿವಾಲ್ವರ್ ಯಾಕೆ ಎಂದು ಕೇಳಿದರು.

ಮಾಸ್ಟ್ರಿಗೆ ಖಾಕಿ ಕಂಡರೆ ನಾಲಿಗೆ ಒಣಗುತ್ತದೆ. "ಮಕ್ಕಳಿಗೋಸ್ಕರ ಸಾರ್" ಎಂದುಬಿಟ್ಟರು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಷ್ಟೊಂದು ತುಂಟರಾ?"

ನಾನು ನಡುವೆ ಬಾಯಿ ಹಾಕಿ ಓಟದ ವಿಷಯ ವಿವರಿಸಿದೆ. ಅವರು ರಿವಾಲ್ವರನ್ನು ಎತ್ತಿ ಎಲ್ಲ ಕಡೆಯಿಂದ ನೋಡಿ, ಸ್ಪೋರ್ಟ್ಸ್ ಡೇಯ ದಿನ ಬಿಟ್ಟು ಬೇರೆ ದಿನ ಹೊಡೆಯಕೂಡದು, ಬಲಗಡೆ ಯಾರನ್ನೂ ನಿಲ್ಲಿಸಕೂಡದು ಎಂದು ಎರಡು ಷರತ್ತು ಹಾಕಿದರು. ಆಮೇಲೆ ಪಕ್ಕದ ತೂತನ್ನು ಬೆರಳಿನಿಂದ ಸವರಿ ನಗತೊಡಗಿದರು.

"ನಮ್ಮ ಅಜ್ಜನೂ ಇದೇ ಮಾಡೆಲ್. ಸಿಟ್ಟು ಎದುರಿಗೆ ನಿಂತವನ ಮೇಲೆ, ಪೆಟ್ಟು ಪಕ್ಕದಲ್ಲಿ ಕೂತವನಿಗೆ."

ನಿಂಬೆಹಣ್ಣು

ಅಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷ ಮಾಸ್ಟ್ರ ಮನೆಯಲ್ಲಿ ಕಾರು, ಹೊಲಿಗೆ ಯಂತ್ರ, ಮಿಕ್ಸಿಗೆ ಪೂಜೆ. ಈ ವರ್ಷ ಅವರ ಹೆಂಡತಿ ಇವೆಲ್ಲಕ್ಕಿಂತ ಮುಂದೆ, ಬಾಳೆಲೆಯ ಮೇಲೆ ರಿವಾಲ್ವರ್ ಇಟ್ಟಿದ್ದರು. ಪೂಜೆಗೆ ನನ್ನನ್ನೂ ಕರೆದಿದ್ದರು.

"ಅನ್ನ ಉಳಿಸೋದು ಇದೇ ಅಲ್ವೇನಕ್ಕಾ" ಎಂದು ಅವರು ನನಗೆ ಹೇಳಿದರು. ಮಗಳು ಆಚೆ ತಿರುಗಿ ಹೂ ಬಿಡಿಸುತ್ತಿದ್ದಳು.

ಕಾರಿಗೆ ಬೊಟ್ಟಿಡಲು ಬೇಕಾದಷ್ಟು ಜಾಗ ಉಂಟು. ಇಷ್ಟು ಸಣ್ಣ ರಿವಾಲ್ವರಿಗೆ ಎಲ್ಲಿ ಇಡುವುದು? ಬಲಗಡೆ ಒಂದು ದುಂಡನೆಯ ತೂತು ಕಂಡಿತು. ಕುಂಕುಮ ಇಡಲೆಂದೇ ಫ್ಯಾಕ್ಟರಿಯವರು ಮಾಡಿಕೊಟ್ಟ ಜಾಗ ಎಂದುಕೊಂಡರೋ ಏನೋ, ಆ ತಾಯಿ ಅದರೊಳಗೆ ಭಕ್ತಿಯಿಂದ ಕುಂಕುಮ ತುಂಬಿದರು. ಬೆರಳಿನಿಂದ ಒತ್ತಿ ಇನ್ನಷ್ಟು ತುಂಬಿದರು. ನಾನೂ ನೋಡುತ್ತಿದ್ದೆ, ನನಗೂ ಏನೂ ಹೊಳೆಯಲಿಲ್ಲ. ಮಾಸ್ಟ್ರು ಒರೆಸಲು ಹೋದಾಗ, "ಪೂಜೆ ಮಾಡಿದ್ದನ್ನ ಒರೆಸಬಾರದು ರೀ" ಎಂದು ಗದರಿದರು.

ಕೊನೆಗೆ ನಿಂಬೆಹಣ್ಣು. ಕಾರಿನ ಗಾಲಿಯ ಕೆಳಗಿಟ್ಟು ಹತ್ತಿಸಿದ್ದಾಯಿತು. ರಿವಾಲ್ವರಿಗೂ ಆಗಲೇಬೇಕೆಂದು ಹೆಂಡತಿಯ ಹಟ. ಅದಕ್ಕೆ ಗಾಲಿಯಿಲ್ಲ. ಹಣ್ಣಿನ ಮೇಲಿಟ್ಟು ಒತ್ತಿದರೆ ಹಣ್ಣು ಜಾರಿ ಸೋಫಾದ ಕೆಳಗೆ ಓಡಿತು. ಎರಡು ಸಲ ಮಗಳು ಹುಡುಕಿ ತಂದಳು.

ಮಾಸ್ಟ್ರಿಗೆ ಹಸಿವಾಗಿತ್ತು. ರಿವಾಲ್ವರನ್ನು ಎದೆಗೆ ಅವುಚಿಕೊಂಡು, ಹಣ್ಣನ್ನು ತಾವೇ ತುಳಿದು, "ಆಯ್ತು, ಇನ್ನು ಬಡಿಸು" ಎಂದರು.

ಗುಂಡು ತಾಗಿದವರು

ಸ್ಪೋರ್ಟ್ಸ್ ಡೇಯ ದಿನ ಮೈದಾನ ತುಂಬಿತ್ತು. ಶಾಲೆಯ ಕಟ್ಟಡದ ಯಜಮಾನರಾದ ಒಮಾನಿ ಹಿರಿಯರು ಮುಖ್ಯ ಅತಿಥಿ. ಬೊಂಬಾಯಿಯಲ್ಲಿ ಖರ್ಜೂರದ ವ್ಯಾಪಾರ ಮಾಡಿ ಹಿಂದಿ ಕಲಿತವರು. ಚೇರ್ಮನ್ನರು ಹಾಲಿನಂಥ ಬಿಳೀ ಸಫಾರಿಯಲ್ಲಿ ಬಂದಿದ್ದರು. ಬಹುಮಾನ ಹಂಚುವಾಗ ಪಿ.ಟಿ. ಹುದ್ದೆ ತೆಗೆಯುವ ವಿಷಯ ಹೇಳುತ್ತಾರೆಂಬ ಸುದ್ದಿ ಬೆಳಗ್ಗೆಯೇ ಎಲ್ಲರ ಕಿವಿಗೂ ಬಿದ್ದಿತ್ತು. ಮಾಸ್ಟ್ರ ಕಿವಿಗೂ ಬಿದ್ದಿತ್ತು. ರಿವಾಲ್ವರನ್ನು ಅವರು ಈ ಕೈಯಿಂದ ಆ ಕೈಗೆ ಬದಲಿಸುತ್ತಲೇ ಇದ್ದರು, ಪಾಪ ಅನ್ನಿಸಿತು.

ಮೊದಲ ಓಟಕ್ಕೆ ಮಕ್ಕಳು ಗೆರೆಯ ಮೇಲೆ ನಿಂತರು. ಫೋಟೋದವನು ಚೇರ್ಮನ್ನರನ್ನು ಕರೆದ. ಅವರು ಮೈಕ್ ಇದ್ದ ಕಡೆಗೆ, ಮಾಸ್ಟ್ರ ಬಲಗಡೆಗೇ ಬಂದು ನಿಂತರು.

"ಸಾರ್, ದಯವಿಟ್ಟು ಈ ಕಡೆ ಬನ್ನಿ, ಆ ಕಡೆ ಬೇಡ."

"ಎಲ್ಲಿ ನಿಲ್ಲಬೇಕು ಅಂತ ಚೇರ್ಮನ್‌ಗೆ ನೀವು ಹೇಳಿಕೊಡ್ತೀರೇನ್ರೀ? ಹೊಡೀರಿ, ಫೋಟೋ ತೆಗೀಲಿ."

ಮಾಸ್ಟ್ರು ಎಂದಿನಂತೆ ಕಣ್ಣು ಮುಚ್ಚಿ ಹೊಡೆದರು.

ಕಣ್ಣು ತೆರೆದಾಗ ಚೇರ್ಮನ್ನರ ಮುಖ, ಕತ್ತು, ಸಫಾರಿ ಎಲ್ಲವೂ ಕೆಂಪು. ಹೆಂಗಸರು ಚೀರಿದರು. ನಮ್ಮ ಪ್ರಿನ್ಸಿಪಾಲ್ ಮೇಡಂ "ಅಯ್ಯೋ, ಮಾಸ್ಟ್ರು ಹೊಡೆದೇ ಬಿಟ್ರು!" ಎಂದು ಕುರ್ಚಿಯ ಹಿಂದೆ ಅಡಗಿದರು. ಗಾಬರಿಯಾದವರು ಬಹಳ ಜನ, ಆಶ್ಚರ್ಯಪಟ್ಟವರು ಮಾತ್ರ ಒಬ್ಬರೂ ಇರಲಿಲ್ಲ. ಮಕ್ಕಳು ಮಾತ್ರ ಸದ್ದಿಗೆ ಸರಿಯಾಗಿ ಹೊರಟು ಓಡುತ್ತಲೇ ಇದ್ದರು.

ಚೇರ್ಮನ್ನರು ಎದೆ ಮುಟ್ಟಿ ನೋಡಿಕೊಂಡರು, ಕೈ ಕೆಂಪಾಯಿತು. ಮೈಕಿನ ಕಂಬ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದರು. ಮೈಕೂ ಅವರ ಜೊತೆಗೇ ಬಾಗಿ ಬಂತು. ಆಮೇಲೆ ಅವರು ಆಡಿದ್ದೆಲ್ಲ ನಾಲ್ಕೂ ಸ್ಪೀಕರಿನಲ್ಲಿ ಕೇಳಿಸಿತು.

"ಮಾಸ್ಟ್ರೇ... ನಿಮ್ ಕೆಲಸ ಎಲ್ಲೂ ಹೋಗಲ್ಲ... ನಾನಿರೋವರೆಗೂ ಯಾರೂ ತೆಗೆಯಲ್ಲ... ಇನ್ನೊಂದು ಹೊಡೀಬೇಡಿ ಮಾರಾಯ್ರೇ!"

ಮಾಸ್ಟ್ರು ಅಳುತ್ತಾ, "ಸಾರ್, ಬರೀ ಸದ್ದು ಸಾರ್, ಬರೀ ಹೊಗೆ ಸಾರ್" ಎನ್ನುತ್ತಿದ್ದರು. ಅವರ ಹೆಂಡತಿ ಓಡಿಬಂದು, ಚೇರ್ಮನ್ನರ ಕೆನ್ನೆಯಿಂದ ಒಂದು ಚಿಟಿಕೆ ತೆಗೆದು ಮೂಸಿ ನೋಡಿ, "ಅಯ್ಯೋ, ಇದು ನಮ್ಮನೆ ಕುಂಕುಮ!" ಎಂದು ಕೂಗಿದರು.

ಚೇರ್ಮನ್ನರು ಎದ್ದು ಕೂತರು. ಇನ್ನೂ ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು. "ಆಗ ಹೇಳಿದ್ದು ಬೇರೆ, ಅದು ಗಾಬರಿಯಲ್ಲಿ..." ಎಂದು ಶುರುಮಾಡಿದರು. ಏನಾಯಿತೆಂದು ಮುಖ್ಯ ಅತಿಥಿಗಳಿಗೆ ನಾನು ಹಿಂದಿಯಲ್ಲಿ ಹೇಳಿದೆ. ಆ ಹಿರಿಯರು ಕೋಲೂರಿಕೊಂಡು ಬಂದು, ಚೇರ್ಮನ್ನರ ಭುಜದ ಮೇಲೆ ಕೈಯಿಟ್ಟರು.

"ಪ್ರಾಣ ಹೋಗುವಾಗ ಕೊಟ್ಟ ಮಾತನ್ನು, ಪ್ರಾಣ ಉಳಿಯಿತು ಅಂತ ವಾಪಸ್ ತೆಗೆದುಕೊಳ್ಳುತ್ತೀರಾ? ಖಲಾಸ್, ಅವರ ಕೆಲಸ ಇರಲಿ."

ಕಟ್ಟಡದ ಯಜಮಾನರ ಮಾತು, ಸುತ್ತ ಇಷ್ಟು ಜನ. ಚೇರ್ಮನ್ನರು ಕೆಂಪು ಮುಖದಲ್ಲೇ ತಲೆಯಾಡಿಸಿದರು. ಮಾಸ್ಟ್ರ ಮಗಳು ಓಡಿಬಂದು ಅಪ್ಪನ ಸೊಂಟ ಹಿಡಿದುಕೊಂಡಳು. ನಾನೂ ಅತ್ತೆ, ಅಳುತ್ತಲೇ ನಕ್ಕೆ.

ಎಲ್ಲ ಮುಗಿದು ನಾನೂ ಮಾಸ್ಟ್ರೂ ಕುರ್ಚಿಗಳನ್ನು ಒಳಗಿಡುತ್ತಿದ್ದೆವು. ಆಗ ನಮ್ಮ ಡ್ರಾಯಿಂಗ್ ಟೀಚರ್ ಹತ್ತಿರ ಬಂದು ನಿಂತರು. ಬಹಳ ಮೆತ್ತಗಿನ ಹೆಂಗಸು. ಪಿ.ಟಿ.ಯ ನಂತರ ಚೇರ್ಮನ್ನರ ಪಟ್ಟಿಯಲ್ಲಿದ್ದದ್ದು ಅವರ ಹುದ್ದೆಯೇ.

ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಮಾಸ್ಟ್ರೇ, ನಾಡಿದ್ದು ಚೇರ್ಮನ್ ನನ್ನ ಕ್ಲಾಸಿಗೆ ಬರ್ತಾರಂತೆ. ಅದನ್ನ ಒಂದು ದಿನಕ್ಕೆ ಕೊಡ್ತೀರಾ? ಕುಂಕುಮ ಬೇಡ, ಕೆಂಪು ಬಣ್ಣ ನನ್ನ ಹತ್ರವೇ ಇದೆ."